ಚಿಲ್ಲರೆ ಎಲ್ಲಿ ಸೇರಿತು?

ಮಿಲಿಮೀಟರಿನಿಂದ ಇಂಚಿಗೆ, ಸೆಂಟ್ಸಿನಿಂದ ಗುಂಟೆಗೆ, ಅಡಿಯಿಂದ ಮೀಟರಿಗೆ ಬದಲಿಸುವಾಗ ಕೈಬಿಟ್ಟ ಪುಡಿ ಅಂಕಿಗಳು ಸರ್ಕ್ಯೂಟ್ ಬೋರ್ಡನ್ನು ಕೆಡಿಸಬಲ್ಲವು. ಜಲಾಶಯದ ಲೆಕ್ಕದಲ್ಲಿ ಅರ್ಧ ಟಿಎಂಸಿಯನ್ನೂ ನುಂಗಬಲ್ಲವು.

ಸಿರುಗುಪ್ಪದಿಂದ ಸಿಂಧನೂರಿಗೆ ಹೋಗುವವರು ದಢೇಸುಗೂರಿನ ಬಳಿ ತುಂಗಭದ್ರೆಯ ಸೇತುವೆ ದಾಟುತ್ತಾರೆ. ಎರಡೂ ದಂಡೆಯಲ್ಲಿ ಅದೇ ಎರೆಭೂಮಿ, ಅದೇ ಭತ್ತ, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂಬ ಅದೇ ಮಾತು. ಹೊಲದ ಲೆಕ್ಕ ಮಾತ್ರ ಬೇರೆ. ಸಿಂಧನೂರಿನ ಪಹಣಿಯಲ್ಲಿ ‘2.20’ ಎಂದಿದ್ದರೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಸರಿಯಾಗಿ ಎರಡೂವರೆ ಎಕರೆ. ಹೊಳೆಯ ಈಚೆ ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ, ಬಳ್ಳಾರಿಯಲ್ಲಿ ಅದೇ ‘2.20’ ಎರಡು ಎಕರೆ ಇಪ್ಪತ್ತು ಸೆಂಟ್ಸ್. ಎರಡೂವರೆಗೆ ಇನ್ನೂ ಮೂವತ್ತು ಸೆಂಟ್ಸ್ ಕಡಿಮೆ. ಮೂವತ್ತು ಸೆಂಟ್ಸ್ ಎಂದರೆ 13,068 ಚದರ ಅಡಿ. 30–40ರ ಸೈಟು ಹತ್ತು ಹಾಕಿ ಮಿಗುವಷ್ಟು ನೆಲ. ಎರಡೂ ಕಾಗದದಲ್ಲಿ ಅಂಕಿ ಒಂದೇ, ಬರೆದವರೂ ತಪ್ಪು ಬರೆದಿಲ್ಲ.

ಈ ಎರಡು ಲೆಕ್ಕಗಳ ಹಿಂದೆ ಎರಡು ಸರಪಳಿಗಳಿವೆ. ನಿಜಾಮ 1800ರಲ್ಲಿ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಇಲ್ಲಿ ಕಲೆಕ್ಟರಾಗಿ ಬಂದು ಹೊಲಗಳನ್ನು ಅಳೆಸಿದ. ಆಮೇಲೆ ಒಂದೂವರೆ ಶತಮಾನ ಈ ಜಿಲ್ಲೆ ಮದ್ರಾಸಿನ ಆಡಳಿತದಲ್ಲಿತ್ತು. ಮದ್ರಾಸಿನ ಮೋಜಣಿಯವರು ನೆಚ್ಚಿದ್ದು ಇಂಗ್ಲೆಂಡಿನ ಎಡ್ಮಂಡ್ ಗುಂಟರ್ 1620ರಲ್ಲಿ ಬಳಕೆಗೆ ತಂದ ಸರಪಳಿಯನ್ನು. ಉದ್ದ 66 ಅಡಿ, ಕೊಂಡಿಗಳು 100. ಹತ್ತು ಚದರ ಸರಪಳಿ ಸೇರಿದರೆ ಒಂದು ಎಕರೆ. ಅದರ ನೂರನೇ ಪಾಲು ಸೆಂಟ್. ಮುಂಬಯಿ ಕಡೆಯ ಮೋಜಣಿಗೆ ಬಂದದ್ದು 33 ಅಡಿಯ, 16 ಆಣೆಗಳ ಸರಪಳಿ. ಆ ಅಳತೆಯ ಒಂದು ಚದರವೇ ಸಿಂಧನೂರಿನ ಕಡೆಯ ಗುಂಟೆ. 1,089 ಚದರ ಅಡಿ, ಎಕರೆಗೆ ನಲವತ್ತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಆದರೆ ಸೆಂಟ್ಸ್ ಊರು ಬಿಡಲಿಲ್ಲ. ಮದ್ರಾಸ್ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡ ಮತ್ತು ಕಾಸರಗೋಡಿನಲ್ಲೂ ಇಂದಿಗೂ ನಡೆಯುವುದು ಸೆಂಟ್ಸೇ.

ಮಾನಗಳನ್ನು ಬದಲಿಸುವಾಗ ಆಗುವ ತಪ್ಪುಗಳು ಎರಡು ಬಗೆ. ಮೊದಲನೆಯದು, ಅಂಕಿಯನ್ನು ಬೇರೆಯೇ ಮಾನದಲ್ಲಿ ಓದಿಬಿಡುವುದು. ಅದು ದೊಡ್ಡ ತಪ್ಪು, ಆದರೆ ಬೇಗ ಸಿಕ್ಕಿಬೀಳುತ್ತದೆ. ಎರಡನೆಯದು, ಮಾನವನ್ನು ಸರಿಯಾಗಿಯೇ ಬದಲಿಸಿ, ಉಳಿದ ಚಿಲ್ಲರೆಯನ್ನು ‘ರೌಂಡ್ ಫಿಗರ್’ ಮಾಡಿ ಮುಂದೆ ಹೋಗುವುದು. ಈ ಎರಡನೆಯದೇ ಹೆಚ್ಚು ಕಪಟಿ. ಅದು ಒಂದು ಸಲಕ್ಕೆ ಕಾಣುವುದಿಲ್ಲ, ನೂರು ಸಲ ಆದಮೇಲೆ ಕಾಣುತ್ತದೆ. ಇದನ್ನು ಮಿಲಿಮೀಟರಿನ ಸಾವಿರದ ಪಾಲಿನವರೆಗೆ ಬಿಡಿಸಿ ತೋರಿಸುವ ಕ್ಷೇತ್ರ ಒಂದಿದೆ: ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡಿನ ವಿನ್ಯಾಸ.

ಮಿಲ್ ಮತ್ತು ಮಿಲಿಮೀಟರ್

ಮೊಬೈಲು, ಪಂಪ್‌ಸೆಟ್ಟಿನ ಸ್ಟಾರ್ಟರು, ತೂಕದ ಯಂತ್ರ, ಯಾವುದನ್ನು ಬಿಚ್ಚಿದರೂ ಒಳಗೆ ಸಾಮಾನ್ಯವಾಗಿ ಒಂದು ಹಸಿರು ಹಲಗೆ ಇರುತ್ತದೆ. ಅದರ ಮೇಲೆ ತಾಮ್ರದ ಗೆರೆಗಳು, ಗೆರೆಗಳ ತುದಿಯಲ್ಲಿ ಬೆಸುಗೆಯ ಪುಟ್ಟ ಅಂಕಣಗಳು, ಅಂಕಣಗಳ ಮೇಲೆ ಚಿಪ್ಪುಗಳ ಕಾಲುಗಳು. ಇದೇ ಪಿಸಿಬಿ, ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್. ಇದರ ನಕ್ಷೆಯನ್ನು ಈಗ ಕಂಪ್ಯೂಟರಿನಲ್ಲೇ ಬರೆಯುತ್ತಾರೆ. ಬಳ್ಳಾರಿಯ ರಾವ್ ಬಹದ್ದೂರ್ ವೈ. ಮಹಾಬಲೇಶ್ವರಪ್ಪ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಎಲೆಕ್ಟ್ರಾನಿಕ್ಸ್ ಓದುವ ಯಾರಿಗೇ ಆದರೂ ಉಚಿತವಾಗಿ ಸಿಗುವ ತಂತ್ರಾಂಶ ಕೀಕ್ಯಾಡ್. ಫ್ರಾನ್ಸಿನ ಜ್ಯಾನ್ ಪಿಯರ್ ಶರಾಸ್ 1992ರಲ್ಲಿ ಅದನ್ನು ಬರೆಯಲು ಕೂತರು. ಐಐಟಿ ಬಾಂಬೆ ವಿದ್ಯಾರ್ಥಿಗಳಿಗಾಗಿ ರೂಪಿಸಿದ ಇ–ಸಿಮ್ ಕೂಡ ಅದನ್ನೇ ಆಧರಿಸಿದೆ. ದುಬಾರಿ ತಂತ್ರಾಂಶವಿರಲಿ, ಪುಕ್ಕಟೆಯದಿರಲಿ, ಪರದೆಯ ಮೇಲೆ ಒಂದು ಗುಂಡಿ ಇದ್ದೇ ಇರುತ್ತದೆ. ಅದನ್ನು ಒತ್ತಿದರೆ ಮಿಲಿಮೀಟರ್ ಹೋಗಿ ‘ಮಿಲ್’ ಬರುತ್ತದೆ, ಮತ್ತೆ ಒತ್ತಿದರೆ ಮಿಲ್ ಹೋಗಿ ಮಿಲಿಮೀಟರ್ ಬರುತ್ತದೆ. ಮಿಲ್ ಎಂದರೆ ಇಂಚಿನ ಸಾವಿರದ ಒಂದು ಪಾಲು.

ಎರಡು ಮಾನ ಯಾಕೆ ಬೇಕಿತ್ತು? ಈ ಉದ್ಯಮ ಹುಟ್ಟಿ ಬೆಳೆದದ್ದು ಇಂಚಿನ ನಾಡಿನಲ್ಲಿ. 1964ರ ಹೊತ್ತಿಗೆ ಅಮೆರಿಕದ ಫೇರ್‌ಚೈಲ್ಡ್ ಕಂಪನಿಯಲ್ಲಿ ರೂಪ ಪಡೆದ ಎರಡು ಸಾಲು ಕಾಲಿನ ಚಿಪ್ಪಿನಲ್ಲಿ ಕಾಲಿಂದ ಕಾಲಿಗೆ ಇಂಚಿನ ಹತ್ತನೇ ಒಂದು ಪಾಲು ಅಂತರ, ನೂರು ಮಿಲ್. ಚಿಪ್ಪುಗಳು ಚಿಕ್ಕದಾಗುತ್ತ ಬಂದಾಗ ಜಪಾನ್ ಮತ್ತು ಯುರೋಪಿನ ಕಾರ್ಖಾನೆಗಳು 0.8, 0.65, 0.5 ಮಿಲಿಮೀಟರಿನ ಅಂತರಗಳನ್ನು ತಂದವು. ಹಾಗಾಗಿ ಇವತ್ತಿನ ಒಂದೇ ಬೋರ್ಡಿನ ಮೇಲೆ ನೂರು ಮಿಲ್ಲಿನ ಪಿನ್ ಸಾಲು, ಅದರ ಪಕ್ಕದಲ್ಲೇ ಅರ್ಧ ಮಿಲಿಮೀಟರಿನ ಚಿಪ್ಪು ಕೂರುತ್ತವೆ. ಹೊಳೆಯ ಎರಡು ದಂಡೆಯೂ ಒಂದೇ ಹಲಗೆಯ ಮೇಲೆ ಬಂದ ಹಾಗಾಯಿತು.

ಮೊದಲ ಬಗೆಯ ತಪ್ಪಿಗೂ ಇಲ್ಲಿ ಒಂದು ಹೆಸರಾಂತ ಉದಾಹರಣೆ ಇದೆ. ಪುಟಾಣಿ ರೆಸಿಸ್ಟರುಗಳ ಅಳತೆಯನ್ನು ನಾಲ್ಕಂಕಿಯಲ್ಲಿ ಹೇಳುವುದು ವಾಡಿಕೆ. ‘0603’ ಎಂದರೆ ಇಂಚಿನ ಲೆಕ್ಕದಲ್ಲಿ ಸುಮಾರು 1.6 ಮಿಲಿಮೀಟರ್ ಉದ್ದ, 0.8 ಅಗಲ. ಅದೇ ‘0603’ ಮೆಟ್ರಿಕ್ ಲೆಕ್ಕದಲ್ಲಿ 0.6 ಉದ್ದ, 0.3 ಅಗಲದ ಬೇರೆಯೇ ಬಿಡಿಭಾಗ. ಕೈಗೆ ಸಿಗದಷ್ಟು ಚಿಕ್ಕದಾದ ಅದನ್ನು ತರಿಸಿ, ದೊಡ್ಡ ಅಂಕಣದ ಮೇಲೆ ಕೂರಿಸಲಾಗದೆ ಒದ್ದಾಡಿದವರು ಪ್ರಪಂಚದ ಎಲ್ಲ ಕಡೆ ಇದ್ದಾರೆ. ಸಿಂಧನೂರಿನ 2.20 ಮತ್ತು ಸಿರುಗುಪ್ಪದ 2.20ರ ನಡುವಿನ ತಕರಾರು ಇದೇ.

127 ಎಂಬ ಹಟಮಾರಿ

ಒಂದು ಇಂಚಿಗೆ 25.4 ಮಿಲಿಮೀಟರ್ ಎಂಬುದು ಈಗ ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಖಚಿತ ಅಳತೆ. ಮೊದಲು ಹಾಗಿರಲಿಲ್ಲ. ಅಮೆರಿಕದ ಇಂಚು 25.4ಕ್ಕಿಂತ ತುಸು ದೊಡ್ಡದಿತ್ತು, ಬ್ರಿಟನ್ನಿನದು ತುಸು ಚಿಕ್ಕದು. ಅಳತೆಯ ಉಕ್ಕಿನ ದಿಂಡುಗಳನ್ನು ಮಾಡಿ ಮಾರುತ್ತಿದ್ದ ಸ್ವೀಡನ್ನಿನ ಕಾರ್ಲ್ ಎಡ್ವರ್ಡ್ ಯೋಹಾನ್ಸನ್ ಎರಡರ ನಡುವಿನ 25.4 ಅನ್ನು ಹಿಡಿದುಕೊಂಡ, ಕಾರ್ಖಾನೆಗಳು ಅವನ ಹಿಂದೆ ನಡೆದವು. ಸರ್ಕಾರಗಳು ಅದನ್ನು ಒಪ್ಪಿ ಅಂಕಿತ ಹಾಕಿದ್ದು 1959ರಲ್ಲಿ.

ಅಂಕಿ ಖಚಿತವಾದರೂ ತೊಂದರೆ ತೀರಲಿಲ್ಲ. 254 ಅನ್ನು ಒಡೆದರೆ ಸಿಗುವುದು ಎರಡು ಮತ್ತು 127. ಈ 127 ಅವಿಭಾಜ್ಯ. ಹತ್ತರ ಯಾವ ಘಾತವನ್ನೂ ಅದು ಭಾಗಿಸುವುದಿಲ್ಲ. ಆದ್ದರಿಂದ ಇಂಚನ್ನು ಮಿಲಿಮೀಟರ್ ಮಾಡುವಾಗ ಲೆಕ್ಕ ಯಾವಾಗಲೂ ಮುಗಿಯುತ್ತದೆ: ನೂರು ಮಿಲ್ ಎಂದರೆ 2.54, ಐವತ್ತು ಮಿಲ್ ಎಂದರೆ 1.27, ಅಷ್ಟೇ. ಮಿಲಿಮೀಟರನ್ನು ಇಂಚು ಮಾಡಲು ಹೊರಟರೆ ಭಾಗಾಕಾರ ಮುಗಿಯುವುದೇ ಇಲ್ಲ. ಅರ್ಧ ಮಿಲಿಮೀಟರ್ ಎಂದರೆ 19.68503937… ಮಿಲ್. ದಶಮಾಂಶದಾಚೆಯ ಅಂಕಿಗಳು 42 ಸ್ಥಾನಕ್ಕೊಮ್ಮೆ ಮತ್ತೆ ಅವೇ ಬರುತ್ತ ಕೊನೆಯಿಲ್ಲದೆ ಸಾಗುತ್ತವೆ. ಲೇತ್ ಮಷೀನಿನವರಿಗೆ ಈ 127 ಹಳೆಯ ಪರಿಚಯ. ಇಂಚಿನ ಲೇತಿನಲ್ಲಿ ಮೆಟ್ರಿಕ್ ಸ್ಕ್ರೂವಿನ ಮರೆ ಕೊರೆಯಬೇಕಾದರೆ ಅವರು ಹುಡುಕುವುದು 127 ಹಲ್ಲಿನ ಗಿಯರನ್ನು. ಚಿಲ್ಲರೆ ಬಿಡದೆ ಬದಲಿಸಲು ಅವರಿಗೆ ಅದೊಂದೇ ದಾರಿ. ಅವರು ಹಲ್ಲುಗಳನ್ನು ಎಣಿಸಿ ಗೆದ್ದ ಕಡೆ ಕಂಪ್ಯೂಟರು ದಶಮಾಂಶ ಹಿಡಿದು ಹೊರಟು ಎಡವಿತು.

ಎಡವಿದರೆ ಏನಾಗುತ್ತದೆ ನೋಡಿ. 144 ಕಾಲಿನ ಒಂದು ಚಿಪ್ಪು, ಬದಿಗೆ 36 ಕಾಲು, ಅಂತರ ಅರ್ಧ ಮಿಲಿಮೀಟರ್. ನಕ್ಷೆ ಬರೆಯುವವರು 19.685 ಯಾಕೆ, 20 ಮಿಲ್ ಇರಲಿ ಎಂದು ಸಲೀಸು ಮಾಡಿಕೊಂಡರು. 20 ಮಿಲ್ ಎಂದರೆ 0.508 ಮಿಲಿಮೀಟರ್. ಕಾಲಿಗೆ ಹೆಚ್ಚಿದ್ದು ಬರೀ 0.008. ಆದರೆ ಮೂವತ್ತಾರು ಕಾಲುಗಳ ನಡುವೆ ಮೂವತ್ತೈದು ಅಂತರಗಳಿವೆ. ಮೊದಲ ಕಾಲನ್ನು ಸರಿಯಾಗಿ ಕೂರಿಸಿದರೆ ಕೊನೆಯ ಕಾಲು ತನ್ನ ಅಂಕಣದಿಂದ 0.28 ಮಿಲಿಮೀಟರ್ ಆಚೆ ಇರುತ್ತದೆ. ಇಂಥ ಚಿಪ್ಪಿನ ಕಾಲಿನ ಅಗಲವೇ ಸುಮಾರು 0.22. ಅಂದರೆ ಕಾಲು ತನ್ನ ಅಂಕಣ ಬಿಟ್ಟು ಎರಡು ಅಂಕಣಗಳ ನಡುವಿನ ಖಾಲಿ ಜಾಗಕ್ಕೆ ಸರಿಯುತ್ತದೆ. ಚಿಪ್ಪನ್ನು ನಡುಮಧ್ಯಕ್ಕೆ ಹೊಂದಿಸಿದರೆ ತಪ್ಪು ಎರಡು ತುದಿಗೂ ಅರ್ಧರ್ಧ ಹಂಚಿಹೋಗುತ್ತದೆ, ಆದರೆ ಮಾಯವಾಗುವುದಿಲ್ಲ. ಅಂಥ ಬೋರ್ಡು ಮೇಜಿನ ಮೇಲೆ ಕೆಲಸ ಮಾಡಿ, ಬಿಸಿಯಾದಾಗ ಕೈಕೊಡಬಹುದು.

ಇದೇ ತಪ್ಪು ಒಂದು ಇಡೀ ದೇಶದ ಉದ್ಯಮದ ಮಟ್ಟದಲ್ಲೂ ನಡೆದಿದೆ. ಸೋವಿಯತ್ ಒಕ್ಕೂಟ ತನ್ನ ಚಿಪ್ಪುಗಳಿಗೆ 2.54ರ ಬದಲು ದುಂಡಾದ 2.5 ಮಿಲಿಮೀಟರ್ ಅಂತರವನ್ನು ಆಯ್ದುಕೊಂಡಿತು. ಹದಿನಾಲ್ಕು ಕಾಲಿನ ಚಿಕ್ಕ ಚಿಪ್ಪು ಪಶ್ಚಿಮದ ಸಾಕೆಟ್ಟಿನಲ್ಲಿ ತುಸು ಒತ್ತಿದರೆ ಕೂರುತ್ತಿತ್ತು. ನಲವತ್ತು ಕಾಲಿನದರಲ್ಲಿ ಬದಿಗೆ ಹತ್ತೊಂಬತ್ತು ಅಂತರ, ಒಟ್ಟು 0.76 ಮಿಲಿಮೀಟರ್ ವ್ಯತ್ಯಾಸ. ಕಾಲುಗಳನ್ನು ಬಗ್ಗಿಸದೆ ಕೂರುತ್ತಿರಲಿಲ್ಲ.

‘0.15 ಬೇಕು, ಇರುವುದು 0.15’

ಬೋರ್ಡು ವಿನ್ಯಾಸ ಮಾಡುವವರನ್ನು ರೇಗಿಸುವ ಇನ್ನೊಂದು ಸಂಗತಿ ಇದೆ. ಎರಡು ತಾಮ್ರದ ಗೆರೆಗಳ ನಡುವೆ ಕನಿಷ್ಠ 0.15 ಮಿಲಿಮೀಟರ್ ಜಾಗ ಬಿಡಿ ಎಂದು ಕಾರ್ಖಾನೆ ಹೇಳಿರುತ್ತದೆ. ನಕ್ಷೆ ಮುಗಿದಮೇಲೆ ತಂತ್ರಾಂಶ ತಾನೇ ಪರೀಕ್ಷೆ ಮಾಡಿ ನೂರಾರು ತಪ್ಪುಗಳ ಪಟ್ಟಿ ಕೊಡುತ್ತದೆ. ಪ್ರತಿ ಸಾಲಿನಲ್ಲೂ ಒಂದೇ ದೂರು: ಬೇಕಾದ ಅಂತರ 0.15, ಇರುವ ಅಂತರ 0.15. ಎರಡೂ ಒಂದೇ ಆಗಿದ್ದರೆ ತಪ್ಪು ಯಾವುದು?

ಗೆರೆಗಳನ್ನು ಎಳೆದಾಗ ಪರದೆ ಮಿಲ್ಲಿನಲ್ಲಿತ್ತು. 0.15 ಮಿಲಿಮೀಟರ್ ಎಂದರೆ 5.9055 ಮಿಲ್, ಅದು 5.9 ಆಗಿ ಉಳಿಯಿತು. 5.9 ಮಿಲ್ ಅನ್ನು ಮತ್ತೆ ಮಿಲಿಮೀಟರ್ ಮಾಡಿದರೆ 0.14986. ನಿಯಮಕ್ಕಿಂತ ಕಡಿಮೆ, ಆದ್ದರಿಂದ ತಪ್ಪು. ಪರದೆ ಎರಡೇ ದಶಮಾಂಶ ತೋರಿಸುವುದರಿಂದ ಅದು ಕಣ್ಣಿಗೆ 0.15. ಯಂತ್ರ ಒಳಗೆ ಒಂದು ಅಂಕಿ ಇಟ್ಟುಕೊಂಡು ಹೊರಗೆ ಇನ್ನೊಂದನ್ನು ಹೇಳುತ್ತಿದೆ. ಬಹುಪಾಲು ಮಂದಿ ಆಗ ನಿಯಮವನ್ನೇ 0.149ಕ್ಕೆ ಇಳಿಸಿ ಪಟ್ಟಿಯ ಬಾಯಿ ಮುಚ್ಚಿಸುತ್ತಾರೆ. ಅದರಿಂದ ಕೆಲಸ ಸಾಗುತ್ತದೆ. ಆದರೆ ಮುಂದೊಮ್ಮೆ ನಿಜವಾದ ತಪ್ಪು ಬಂದಾಗ ಹೇಳುವವರು ಯಾರೂ ಇರುವುದಿಲ್ಲ.

ತಂತ್ರಾಂಶ ಬರೆಯುವವರು ಇದಕ್ಕೆ ಕಂಡುಕೊಂಡ ಪರಿಹಾರ ಚಂದವಾಗಿದೆ: ದಶಮಾಂಶವೇ ಬೇಡ, ಎಣಿಸೋಣ. ಇಂಚು, ಮಿಲಿಮೀಟರ್ ಎರಡನ್ನೂ ಪೂರ್ಣಾಂಕವಾಗಿ ಅಳೆಯಬಲ್ಲ ಒಂದು ಪುಟ್ಟ ಮಾನವನ್ನು ಒಳಗೆ ಇಟ್ಟುಕೊಂಡರೆ ಚಿಲ್ಲರೆ ಹುಟ್ಟುವುದೇ ಇಲ್ಲ. ಕೀಕ್ಯಾಡ್ ಮೊದಲು ಇಂಚಿನ ಹತ್ತು ಸಾವಿರದ ಒಂದು ಪಾಲನ್ನು ಮಾನವಾಗಿ ಇಟ್ಟುಕೊಂಡಿತ್ತು. ಆ ಲೆಕ್ಕದಲ್ಲಿ ಅರ್ಧ ಮಿಲಿಮೀಟರ್ 196.85 ಆಗುತ್ತಿತ್ತು, 197 ಎಂದು ಬರೆದುಕೊಳ್ಳದೆ ಗತಿಯಿರಲಿಲ್ಲ. 2010ರ ದಶಕದ ಆರಂಭದಲ್ಲಿ ಅದು ನ್ಯಾನೊಮೀಟರಿಗೆ ಬದಲಾಯಿತು. ಈಗ ಒಂದು ಮಿಲ್ ಎಂದರೆ 25,400, ಒಂದು ಮಿಲಿಮೀಟರ್ ಎಂದರೆ 10,00,000. ಎರಡೂ ಪೂರ್ಣಾಂಕ. ಈಗಲ್ ಎಂಬ ಇನ್ನೊಂದು ತಂತ್ರಾಂಶ ಮಿಲಿಮೀಟರನ್ನು 3,20,000 ಪಾಲು ಮಾಡಿತು. ಅಲ್ಲಿ ಒಂದು ಮಿಲ್ ಸರಿಯಾಗಿ 8,128. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಮೂವತ್ತೆರಡು ಬಿಟ್ಟಿನ ಅಂಕಿಯಲ್ಲಿ ನ್ಯಾನೊಮೀಟರುಗಳನ್ನು ಎಣಿಸುತ್ತ ಹೋದರೆ ಎರಡು ಮೀಟರು ಚಿಲ್ಲರೆಗೆ ಜಾಗ ಮುಗಿಯುತ್ತದೆ. ಅಷ್ಟು ದೊಡ್ಡ ಬೋರ್ಡನ್ನು ಯಾರೂ ಮಾಡುವುದಿಲ್ಲ ಎಂಬ ಧೈರ್ಯದ ಮೇಲೆ ಆ ಆಯ್ಕೆ ನಿಂತಿದೆ.

ದಶಮಾಂಶವನ್ನು ಯಂತ್ರದ ಕೈಗೆ ಒಪ್ಪಿಸಬಾರದೆಂಬುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಹತ್ತನೇ ಒಂದು, ಎರಡರ ಮೇಲೆ ನಿಂತ ಕಂಪ್ಯೂಟರಿನ ಲೆಕ್ಕದಲ್ಲಿ ಮುಗಿಯದ ಭಿನ್ನರಾಶಿ. 1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸೆಕೆಂಡಿನ ಹತ್ತನೇ ಪಾಲುಗಳನ್ನು ಎಣಿಸಿ, ಅವನ್ನು ಹೀಗೆ ಕತ್ತರಿಸಿದ ಅಂಕಿಯಿಂದ ಸೆಕೆಂಡಿಗೆ ಬದಲಿಸುತ್ತಿತ್ತು. ನೂರು ಗಂಟೆ ಬಿಡದೆ ಓಡಿದಾಗ ಅದರ ಗಡಿಯಾರ ಸುಮಾರು 0.34 ಸೆಕೆಂಡು ತಪ್ಪಿತ್ತು. ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಎದುರಿನ ಕ್ಷಿಪಣಿಯನ್ನು ಅದು ಆಕಾಶದ ತಪ್ಪು ಜಾಗದಲ್ಲಿ ಹುಡುಕಿತು. 28 ಸೈನಿಕರು ಸತ್ತರು.

ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕತೆಯಲ್ಲಿ ಜೀವ ಹೋಗಲಿಲ್ಲ, ಮಾನ ಹೋಯಿತು. 1982ರ ಜನವರಿಯಲ್ಲಿ 1,000 ಅಂಶದಿಂದ ಹೊರಟ ಸೂಚ್ಯಂಕವನ್ನು ದಿನಕ್ಕೆ ಸಾವಿರಾರು ಸಲ ಹೊಸದಾಗಿ ಲೆಕ್ಕ ಹಾಕಿ, ಪ್ರತಿ ಸಲವೂ ಮೂರನೇ ದಶಮಾಂಶದಾಚೆಯದನ್ನು ಕತ್ತರಿಸಿ ಎಸೆಯುತ್ತಿದ್ದರು. 1983ರ ನವೆಂಬರಿನಲ್ಲಿ ಅದು 524ಕ್ಕೆ ಇಳಿದಿತ್ತು. ಸರಿಯಾಗಿ ಲೆಕ್ಕ ಹಾಕಿದಾಗ ಬಂದದ್ದು 1,098. ಪೇಟೆ ಏರಿತ್ತು, ಇಳಿದದ್ದು ಬರೀ ಚಿಲ್ಲರೆ. ಹತ್ತಿರದ ಅಂಕಿಗೆ ಹೊಂದಿಸಿದ್ದರೆ ಹೆಚ್ಚು ಕಡಿಮೆಗಳು ಒಂದನ್ನೊಂದು ಹೊಡೆದುಹಾಕುತ್ತಿದ್ದವು. ಯಾವಾಗಲೂ ಕೆಳಕ್ಕೇ ಕತ್ತರಿಸಿದ್ದರಿಂದ ಎಲ್ಲವೂ ಒಂದೇ ಕಡೆ ಕೂಡಿಬಿದ್ದವು.

ಜೀನ್ಸ್ ಕತ್ತರಿಸಿದ ಕೈ

ಬೋರ್ಡಿನ ನಕ್ಷೆ ಕಾರ್ಖಾನೆಗೆ ಹೋಗುವುದು ‘ಗರ್ಬರ್’ ಎಂಬ ಕಡತದ ರೂಪದಲ್ಲಿ. ಪ್ರಪಂಚದ ಬಹುಪಾಲು ಪಿಸಿಬಿಗಳು ಇದೇ ದಾರಿಯಲ್ಲಿ ಹೋಗುತ್ತವೆ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಜೋಸೆಫ್ ಗರ್ಬರ್ ಕಂಪನಿಯ ಬೆಳಕಿನ ಪ್ಲಾಟರುಗಳಿಗಾಗಿ ಆ ಕಡತ ಹುಟ್ಟಿತು. ಅದೇ ಗರ್ಬರ್ 1960ರ ದಶಕದ ಕೊನೆಯಲ್ಲಿ ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಬಟ್ಟೆಯ ಪದರಗಳನ್ನು ತಾನೇ ಕತ್ತರಿಸುವ ಯಂತ್ರವನ್ನೂ ಕೊಟ್ಟ. ಜೀನ್ಸ್‌ಗೆ ಹೆಸರಾದ ಬಳ್ಳಾರಿಯ ಓದುಗರು ಇದನ್ನು ಗಮನಿಸಬೇಕು. ಸೊಂಟವನ್ನು ಇಂಚಿನಲ್ಲಿ, ಥಾನನ್ನು ಮೀಟರಿನಲ್ಲಿ ಅಳೆಯುವ ದಂಧೆಗೂ ಬೋರ್ಡಿನ ದಂಧೆಗೂ ಒಬ್ಬನೇ ಯಂತ್ರ ಮಾಡಿಕೊಟ್ಟಿದ್ದ.

ಗರ್ಬರ್ ಕಡತದಲ್ಲಿ ಎಷ್ಟು ದಶಮಾಂಶ ಇಡಬೇಕೆಂದು ಕಳಿಸುವವರೇ ಹೇಳಬೇಕು. ಇಂಚಿನಲ್ಲಿ ನಾಲ್ಕು ದಶಮಾಂಶ ಎಂದರೆ ಅತಿ ಚಿಕ್ಕ ಹೆಜ್ಜೆ ಮಿಲಿಮೀಟರಿನ ಸಾವಿರದ ಎರಡೂವರೆ ಪಾಲು. ಮಿಲಿಮೀಟರಿನಲ್ಲಿ ಆರು ದಶಮಾಂಶ ಎಂದರೆ ಒಂದೇ ನ್ಯಾನೊಮೀಟರ್. ತಂತ್ರಾಂಶ ಒಳಗೆ ಎಷ್ಟು ಶುದ್ಧವಾಗಿ ಲೆಕ್ಕ ಇಟ್ಟುಕೊಂಡಿದ್ದರೂ, ಹೊರಗೆ ಕಳಿಸುವಾಗ ಹಳೆಯ ಇಂಚಿನ ನಮೂನೆಯನ್ನು ಆರಿಸಿದರೆ ಬಾಗಿಲಲ್ಲೇ ಚಿಲ್ಲರೆ ಉದುರುತ್ತದೆ. ತಪ್ಪು ನಡೆಯುವುದು ಹೆಚ್ಚಾಗಿ ಇಂಥ ಬಾಗಿಲುಗಳಲ್ಲೇ. ಒಬ್ಬರ ಲೆಕ್ಕ ಇನ್ನೊಬ್ಬರ ಕೈ ಸೇರುವ ಜಾಗದಲ್ಲಿ.

ನೆಲದ ಲೆಕ್ಕ, ನೀರಿನ ಲೆಕ್ಕ

ಈಗ ಹೊಲಕ್ಕೆ ಬರೋಣ. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಇಲ್ಲಿ 127ರ ಹಟವಿಲ್ಲ, ಲೆಕ್ಕ ಎರಡೂ ಕಡೆಯಿಂದ ಮುಗಿಯುತ್ತದೆ. ಆದರೂ 33 ಸೆಂಟ್ಸ್ ಜಮೀನನ್ನು ಗುಂಟೆಗೆ ಬದಲಿಸಿದರೆ 13.2 ಗುಂಟೆ. ಗುಂಟೆಗಿಂತ ಚಿಕ್ಕದಾದ ಆಣೆಯ ಕಲಂ ಬಿಟ್ಟು 13 ಎಂದಷ್ಟೇ ಬರೆದರೆ, ಮತ್ತೆ ಸೆಂಟ್ಸಿಗೆ ತರುವಾಗ ಸಿಗುವುದು 32.5. ಅರ್ಧ ಸೆಂಟ್ ಹೋಯಿತು. ಸುಮಾರು 218 ಚದರ ಅಡಿ, ಒಂದು ಕೋಣೆ ಹಾಕುವಷ್ಟು ಜಾಗ. ಕುರುಗೋಡಿನಲ್ಲಿ ಒಂದು ಎಕರೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ 33, 33, 34. ಆ ಒಂದು ಸೆಂಟ್ ಯಾರ ಪಾಲಿಗೆ ಎಂಬುದನ್ನು ಲೆಕ್ಕ ಹೇಳುವುದಿಲ್ಲ, ಹಿರಿಯರು ಹೇಳಬೇಕು. ಹೆಕ್ಟೇರಿಗೆ ಹೋದರೆ ಇನ್ನೂ ತಮಾಷೆ: ಒಂದು ಸೆಂಟ್ ಎಂದರೆ 0.00405 ಹೆಕ್ಟೇರ್. ಎರಡೇ ದಶಮಾಂಶ ಇಡುವ ಕಲಮಿನಲ್ಲಿ ಅದು 0.00. ನೆಲ ಇದೆ, ಕಾಗದದಲ್ಲಿ ಇಲ್ಲ.

ಸರ್ಕಾರದ ಯೋಜನೆಗಳು ಸಣ್ಣ ರೈತರನ್ನು ಗುರುತಿಸುವುದು ಎರಡು ಹೆಕ್ಟೇರಿನ ಗೆರೆಯಿಂದ. ಊರಲ್ಲಿ ಅದು ‘ಐದು ಎಕರೆ’ ಎಂದು ಪ್ರಚಾರವಾಗುತ್ತದೆ. ಎರಡು ಹೆಕ್ಟೇರ್ ಎಂದರೆ ನಿಜಕ್ಕೂ 4.942 ಎಕರೆ. ಸಿರುಗುಪ್ಪದಲ್ಲಿ ನಾಲ್ಕು ಎಕರೆ ತೊಂಬತ್ತೈದು ಸೆಂಟ್ಸ್ ಇರುವ ರೈತ ಎಕರೆಯ ಲೆಕ್ಕದಲ್ಲಿ ಗೆರೆಯ ಒಳಗೆ, ಹೆಕ್ಟೇರಿನ ಲೆಕ್ಕದಲ್ಲಿ 2.003 ಆಗಿ ಗೆರೆಯ ಹೊರಗೆ. ಗುಂಟೆಯ ಸೀಮೆಯಲ್ಲಿ 4 ಎಕರೆ 38 ಗುಂಟೆಯ ರೈತನ ಗತಿಯೂ ಇದೇ. ಪಿಎಂ ಕಿಸಾನ್ 2019ರ ಫೆಬ್ರವರಿಯಲ್ಲಿ ಆರಂಭವಾದಾಗ ಎರಡು ಹೆಕ್ಟೇರಿನ ಮಿತಿಯಿತ್ತು. ಕೆಲವೇ ತಿಂಗಳಲ್ಲಿ ಅದನ್ನು ತೆಗೆದರು. ಮಿತಿ ಉಳಿದಿರುವ ಕಡೆಗಳಲ್ಲೆಲ್ಲ ಮೂರನೇ ದಶಮಾಂಶಕ್ಕೂ ಹಣದ ಬೆಲೆ ಇದೆ.

ತುಂಗಭದ್ರಾ ಜಲಾಶಯದ ಪೂರ್ಣ ಮಟ್ಟ 1,633 ಅಡಿ. ಪತ್ರಿಕೆಯಲ್ಲಿ, ರೈತರ ಬಾಯಲ್ಲಿ, ಅಣೆಕಟ್ಟೆಯ ಫಲಕದಲ್ಲಿ ಅದೇ ಅಂಕಿ. ಮೀಟರಿನಲ್ಲಿ 497.7384, ದಾಖಲೆಗಳಲ್ಲಿ 497.74 ಎಂದು ಬರೆಯುತ್ತಾರೆ. ಹೆಚ್ಚಾಗಿದ್ದು ಒಂದೂವರೆ ಮಿಲಿಮೀಟರು ಚಿಲ್ಲರೆ. ಆದರೆ ಅಣೆಕಟ್ಟೆ ಕಟ್ಟಿದಾಗಿನ ಲೆಕ್ಕದಲ್ಲಿ ತುಂಬಿದ ಜಲಾಶಯದ ಹರವು 378 ಚದರ ಕಿಲೋಮೀಟರ್. ಅಷ್ಟು ಹರವಿನ ಮೇಲೆ 1.6 ಮಿಲಿಮೀಟರ್ ನೀರು ಎಂದರೆ 60 ಕೋಟಿ ಲೀಟರ್. ಒಂದು ಕಾಲುವೆಯಲ್ಲಿ ದಿನವಿಡೀ ಸುಮಾರು 247 ಕ್ಯೂಸೆಕ್ ಹರಿಸುವಷ್ಟು. ಇನ್ನೊಂದು ಅಂಕಿಯನ್ನೂ ಬಿಟ್ಟು 497.7 ಎಂದು ಬರೆದರೆ ಕಾಗದದ ಮೇಲೆ ನಾಲ್ಕು ಸೆಂಟಿಮೀಟರಿನಷ್ಟು ನೀರು ಇಳಿಯುತ್ತದೆ, ಜೊತೆಗೆ ಅರ್ಧ ಟಿಎಂಸಿ. ಬೇಸಿಗೆ ಬೆಳೆಗೆ ನೀರು ಸಿಕ್ಕೀತೇ ಎಂದು ಟಿಎಂಸಿಗಳನ್ನು ಬೆರಳ ಮೇಲೆ ಎಣಿಸುವ ಸಿರುಗುಪ್ಪದವರಿಗೆ ಅರ್ಧ ಟಿಎಂಸಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಭೂಮಿಯ ಗಾತ್ರವನ್ನೂ ಈ ಚಿಲ್ಲರೆ ಬಿಟ್ಟಿಲ್ಲ. ದೇಶವನ್ನು ತ್ರಿಕೋನಗಳಲ್ಲಿ ಅಳೆಯಲು ಹೊರಟ ವಿಲಿಯಂ ಲ್ಯಾಂಬ್ಟನ್ 1811ರಲ್ಲಿ ಗುತ್ತಿಯ ಬಳಿ ಒಂದು ಆಧಾರರೇಖೆಯನ್ನು ಅಳೆದ. ಗುತ್ತಿ ಆಗ ಬಳ್ಳಾರಿ ಜಿಲ್ಲೆಯ ಊರು. 1882ರಲ್ಲಿ ಅನಂತಪುರ ಜಿಲ್ಲೆಯಾದಾಗ ಅತ್ತ ಹೋಯಿತು. ಲ್ಯಾಂಬ್ಟನ್ನನ ನಂತರ ಬಂದ ಜಾರ್ಜ್ ಎವರೆಸ್ಟ್ 1830ರಲ್ಲಿ ಭೂಮಿಯ ಸಮಭಾಜಕ ತ್ರಿಜ್ಯವನ್ನು 2,09,22,931.80 ಅಡಿ ಎಂದು ಹೇಳಿದ. ಆ ಅಡಿ ಭಾರತದ ಮೋಜಣಿಯ ಉಕ್ಕಿನ ಸರಳಿನ ಅಡಿ. ಅದು ಎಷ್ಟು ಮೀಟರ್? 1937ರ ಲೆಕ್ಕ 0.30479841 ಎಂದಿತು, ಅದರಂತೆ ತ್ರಿಜ್ಯ 63,77,276.345 ಮೀಟರ್. ಪಾಕಿಸ್ತಾನದಲ್ಲಿ ಬಳಸುವ 1962ರ ಲೆಕ್ಕ 0.3047996 ಎಂದಿತು, ತ್ರಿಜ್ಯ 63,77,301.243. 1975ರ ಲೆಕ್ಕದಲ್ಲಿ ಅದು 63,77,299.151. ಎವರೆಸ್ಟ್ ಹೇಳಿದ ಅಡಿಗಳು ಒಂದಿಷ್ಟೂ ಬದಲಾಗಿರಲಿಲ್ಲ. ಆರನೇ ದಶಮಾಂಶದಲ್ಲಿ ಆದ ವ್ಯತ್ಯಾಸದಿಂದ ಭೂಮಿಯ ತ್ರಿಜ್ಯ ಇಪ್ಪತ್ತೈದು ಮೀಟರಿನವರೆಗೆ ಹಿಗ್ಗಿತು. ಇಂದಿಗೂ ಹಳೆಯ ನಕ್ಷೆಗಳನ್ನು ಜಿಪಿಎಸ್ ಜೊತೆ ಹೊಂದಿಸುವವರು ‘ಯಾವ ಎವರೆಸ್ಟ್?’ ಎಂದು ಮೊದಲು ಕೇಳಿಕೊಳ್ಳಬೇಕು.

ಆಣೆಗೆ ಆರು ಪೈಸೆ

ಇಡೀ ದೇಶ ಒಂದೇ ದಿನ ಮಾನ ಬದಲಿಸಿದ ಉದಾಹರಣೆಯೂ ನಮ್ಮಲ್ಲಿದೆ. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಯಿತು. ಒಂದು ಆಣೆಗೆ ಬರಬೇಕಾದದ್ದು ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇರಲಿಲ್ಲವಾದ್ದರಿಂದ ಸರ್ಕಾರವೇ ಒಂದು ಕೋಷ್ಟಕ ಹೊರಡಿಸಿತು: ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು. ಆಣೆಗೊಂದು ಮಾರುವ ವಸ್ತುವನ್ನು ಒಂದೊಂದಾಗಿ ನಾಲ್ಕು ಸಲ ಕೊಂಡವನು ಇಪ್ಪತ್ನಾಲ್ಕು ಕೊಟ್ಟ, ಒಟ್ಟಿಗೆ ಕೊಂಡವನು ಇಪ್ಪತ್ತೈದು. ಹದಿನಾರು ಬಿಡಿ ಆಣೆಗಳು 96 ಪೈಸೆ. ರೂಪಾಯಿಗೆ ನಾಲ್ಕು ಪೈಸೆ ಎಲ್ಲೋ ಜಾರಿತು. ಆದರೆ ಆ ಕೋಷ್ಟಕದಲ್ಲಿ ಒಂದು ನಿಯತ್ತು ಇತ್ತು. ಎಲ್ಲಿ ಎಷ್ಟು ಬಿಡಬೇಕು, ಎಲ್ಲಿ ಎಷ್ಟು ಸೇರಿಸಬೇಕು ಎಂಬುದನ್ನು ಮುಂಚೆಯೇ ತೀರ್ಮಾನಿಸಿ, ಅಚ್ಚು ಹಾಕಿ, ಎಲ್ಲರಿಗೂ ಹೇಳಿತ್ತು. ನಷ್ಟ ಆಗುವವನಿಗೂ ಎಷ್ಟು ನಷ್ಟ ಎಂದು ಗೊತ್ತಿತ್ತು.

ಬೋರ್ಡು ಮಾಡುವವರು ಬೆಲೆ ತೆತ್ತು ಕಲಿತದ್ದು ಬಹಳ ಇಲ್ಲ, ಮೂರೇ ಮಾತು. ಅಂಕಿಯನ್ನು ಮಾನದ ಹೆಸರಿಲ್ಲದೆ ಯಾರಿಗೂ ಕೊಡಬೇಡಿ, ಯಾರಿಂದಲೂ ತೆಗೆದುಕೊಳ್ಳಬೇಡಿ. ಚಿಪ್ಪು ಮಾಡಿದವರು ಮಿಲಿಮೀಟರ್ ಎಂದಿದ್ದರೆ ಮಿಲಿಮೀಟರಿನಲ್ಲೇ ಇಟ್ಟುಕೊಳ್ಳಿ; ಬದಲಿಸಿದ್ದನ್ನು ತೋರಿಸಿ, ಮೂಲವನ್ನು ಅಳಿಸಬೇಡಿ. ದುಂಡು ಮಾಡಲೇಬೇಕಾದರೆ ಎಲ್ಲ ಕೂಡಿಸಿದ ಮೇಲೆ ಕೊನೆಯಲ್ಲಿ ಒಂದೇ ಸಲ ಮಾಡಿ. ಸಿರುಗುಪ್ಪದ ಭತ್ತದ ವ್ಯಾಪಾರಕ್ಕೂ ಈ ಮಾತು ಹೊಂದುತ್ತದೆ. 2023–24ರಲ್ಲಿ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,183 ರೂಪಾಯಿ ಇತ್ತು. ಈ ಕಡೆ ನಡೆಯುವ 75 ಕಿಲೋ ಚೀಲಕ್ಕೆ 1,637 ರೂಪಾಯಿ 25 ಪೈಸೆ. ಚೀಲಕ್ಕೆ ಕಾಲು ರೂಪಾಯಿ ಬಿಟ್ಟು ಗುಣಿಸಿದರೆ ನಾನೂರು ಚೀಲಕ್ಕೆ ನೂರು ರೂಪಾಯಿ ಕಡಿಮೆ. ಒಟ್ಟು ತೂಕಕ್ಕೆ ಬೆಲೆ ಕಟ್ಟಿದರೆ ಏನೂ ಕಡಿಮೆಯಿಲ್ಲ.

ಪಹಣಿ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯೊಂದಿಗೆ ಕಂಪ್ಯೂಟರಿಗೆ ಬಂತು. ನಕ್ಷೆಗಳೂ ಈಗ ಒಂದೊಂದಾಗಿ ಡಿಜಿಟಲ್ ಆಗುತ್ತಿವೆ. ಸರಪಳಿಯ ಕೊಂಡಿ, ಸೆಂಟ್ಸ್, ಗುಂಟೆ, ಹೆಕ್ಟೇರ್, ಉಪಗ್ರಹದ ಮೀಟರ್ ಇವೆಲ್ಲ ಒಂದೇ ಪರದೆಯ ಮೇಲೆ ಬರುತ್ತಿರುವ ಈ ಹೊತ್ತಿನಲ್ಲಿ ಬೋರ್ಡಿನವರ ಮೂರು ಮಾತಿಗೆ ನಯಾಪೈಸೆಯ ಪಾಠವೊಂದನ್ನು ಸೇರಿಸಿಕೊಳ್ಳಬೇಕು. ಎಷ್ಟು ಅಂಕಿ ಉಳಿಸಬೇಕು, ಮಿಕ್ಕಿದ್ದನ್ನು ಯಾರ ಕಡೆಗೆ ತಿರುಗಿಸಬೇಕು ಎಂಬುದನ್ನು ಯಂತ್ರ ತಾನಾಗಿ ತೀರ್ಮಾನಿಸುವುದಿಲ್ಲ. ಯಾರೋ ಒಬ್ಬರು ಕೂತು ತೀರ್ಮಾನಿಸಿ ಯಂತ್ರಕ್ಕೆ ಹೇಳಿರುತ್ತಾರೆ. ಆ ತೀರ್ಮಾನವನ್ನು ಕಾಗದದ ಮೇಲೆ ಬರೆದು ತೋರಿಸಿ ಎಂದು ಕೇಳುವ ಹಕ್ಕು ಹೊಲದ ಒಡೆಯನಿಗಿದೆ. ಚಿಲ್ಲರೆ ಅಂತ ಬಿಟ್ಟದ್ದೂ ಅವನದೇ.